ಬೀರಣ್ಣನ ಕಂಬಳಿಯ ಉಣ್ಣೆ

ಹಳೆಯ ಕಂಬಳಿಗಳನ್ನು ಹಿಂಜಿ, ಆ ಉಣ್ಣೆಯಿಂದ ಮತ್ತೆ ಮೆತ್ತನೆಯ ಬಟ್ಟೆ ಮಾಡಬಹುದೇ ಎಂಬುದು ಸೃಷ್ಟಿಯ ಸಂಶೋಧನೆ. ಈ ಕಡೆಯ ಕುರಿಯ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ. ಬೆಳಗಾವಿಯ ಕಾಲೇಜಿನ ಪ್ರಯೋಗಾಲಯದಲ್ಲಿ ಅವಳು ಅದನ್ನು ಕಿಣ್ವ ಬೆರೆಸಿದ ನೀರಿನಲ್ಲಿ ನೆನೆಸಿ ಹದಕ್ಕೆ ತರುತ್ತಿದ್ದಳು. ಖಾನಾಪುರದ ಸುತ್ತಲಿನ ಕುರುಬರ ಮನೆಗಳಿಂದ ಹರಿದ ಕಂಬಳಿಗಳನ್ನು ತಂದಿದ್ದಳು. ಒಂದು ಮಾತ್ರ ಹರಿದಿರಲಿಲ್ಲ. ಗಂಡನನ್ನು ಕಳೆದುಕೊಂಡ ಪದ್ಮವ್ವ ಅದನ್ನು ಕೇಳುವ ಮೊದಲೇ ತಂದು ಕಾಲೇಜಿನ ಜೀಪಿನಲ್ಲಿ ಇಟ್ಟಿದ್ದಳು.

ಎಲ್ಲವನ್ನೂ ಒಟ್ಟಿಗೆ ಹಿಂಜಿ, ತೊಳೆದು, ನೂಲು ತೆಗೆಸಿ, ವಡಗಾವಿಯ ನೇಕಾರ ಗುರುಸಿದ್ದನಿಗೆ ಕೊಟ್ಟಳು. ಬಟ್ಟೆ ಮುಗಿದಾಗ ಅವನು ಫೋನ್ ಮಾಡಿದ.

"ಬಟ್ಟಿ ಚಲೋ ಬಂದೈತ್ರಿ ಮೇಡಂ. ಆದ್ರ ಲಗೂನ ಬಂದು ಒಯ್ರಿ. ಮಗ್ಗ ನಿಲ್ಲಿಸಿದ್ರ ಅದರಾಗಿಂದ ಯಾರೋ ಕುರಿ ಕರೀತಾರ."

ಸೃಷ್ಟಿ ನಕ್ಕಳು. ಉಳಿದ ಸುರುಳಿಯನ್ನು ಅವನಲ್ಲೇ ಬಿಟ್ಟು, ಬೇಕಾದಷ್ಟನ್ನು ತಂದು, ತುಂಡು ಮಾಡಿ, ಒಂದನ್ನು ಹೆಚ್ಚಿನ ಪರೀಕ್ಷೆಗೆ ಜರ್ಮನಿಯ ಪ್ರಯೋಗಾಲಯಕ್ಕೆ ಕಳಿಸಿದಳು. ಮರುದಿನ ಮಧ್ಯಾಹ್ನ ಒಬ್ಬಳೇ ಇನ್ನೊಂದು ತುಂಡಿನ ಗಟ್ಟಿತನ ಅಳೆಯುತ್ತಿದ್ದಾಗ ಗಂಡಸಿನ ಗೊಗ್ಗರು ದನಿ ಕೇಳಿಸಿತು.

"ಕರಿಯವ್ವಾ... ಬಾ... ಬಾರ ನಮ್ಮವ್ವ..."

ಯಂತ್ರ ನಿಲ್ಲಿಸಿದಳು. ಫ್ಯಾನು ಆರಿಸಿದಳು. ಬಟ್ಟೆಗೆ ಕಿವಿ ಕೊಟ್ಟಳು. ದನಿ ಕರೆಯುತ್ತಿತ್ತು, ಉತ್ತರಕ್ಕೆ ಕಾಯುತ್ತಿತ್ತು, ಮತ್ತೆ ಕರೆಯುತ್ತಿತ್ತು. ಕರೆಯುವುದಕ್ಕಿಂತ ಆ ಕಾಯುವಿಕೆಗೇ ಅವಳ ಮೈ ತಣ್ಣಗಾಯಿತು.

ಕೇಳದೆಯೇ ಬಂದ ಆ ಹರಿಯದ ಕಂಬಳಿ ನೆನಪಾಯಿತು. ಆ ತುಂಡನ್ನು ಹಿಡಿದು ಖಾನಾಪುರದ ಬಸ್ಸು ಹತ್ತಿದಳು. ಅಂಗಳದಲ್ಲಿ ಕುಳಿತಿದ್ದ ಪದ್ಮವ್ವ ಅವಳ ಕೈಯನ್ನು ನೋಡಿದವಳೇ ಎದ್ದು ನಿಂತಳು.

"ಅಲ್ಲೂ ಕರಿಯಾಕತ್ತಾರೇನು?"

ಪದ್ಮವ್ವ ಎಲ್ಲ ಹೇಳಿದಳು. ಗಂಡ ಬೀರಣ್ಣ ಮಂದೆಯಿಂದ ಹಿಂದುಳಿದ ಗಬ್ಬದ ಕುರಿ ಕರಿಯವ್ವನನ್ನು ಹುಡುಕಿಕೊಂಡು ಸುರಿವ ಮಳೆಯಲ್ಲಿ ಅಡವಿಗೆ ಹೋಗಿದ್ದ. ಹೆಣ ಹಳ್ಳದಲ್ಲಿ ಸಿಕ್ಕಿತು, ಕಂಬಳಿ ದಂಡೆಯ ಪೊದೆಯ ಮೇಲೆ.

"ಆ ಕುರಿ ಮರುದಿನ ತಾನಽ ಮನಿಗೆ ಬಂತು ತಂಗಿ. ಅವರಿಗೆ ಅದು ಗೊತ್ತಿಲ್ಲ."

"ನೀವು ಹೇಳಲಿಲ್ಲೇನ್ರಿ ಕಾಕೂ?"

"ಸತ್ತಾವ್ರು ಕರದ್ರ ಓಗೊಡಬಾರದು ಅಂತಾರ. ಅಂಜಿದೆ. ಕಂಬಳಿ ಎಳಿ ಎಳಿ ಬಿಡಿಸ್ತೀವಿ ಅಂತ ನೀ ಅಂದಿ. ಹಂಗರ ಸುಮ್ಮನಾಗ್ತಾರ ಅನಕೊಂಡೆ."

ಬಟ್ಟೆಯೊಳಗಿಂದ ದನಿ ಬಂತು. ಇಬ್ಬರಿಗೂ ಕೇಳಿಸಿತು. ಪದ್ಮವ್ವ ಸೃಷ್ಟಿಯ ಕೈಯಿಂದ ಬಟ್ಟೆಯನ್ನು ತೆಗೆದುಕೊಂಡು ತೊಡೆಯ ಮೇಲೆ ಹಾಸಿದಳು.

"ಬಂದಾಳ್ರೀ. ಕರಿಯವ್ವ ಮನಿಗೆ ಬಂದಾಳ. ಎರಡು ಮರಿ ಹಾಕಿದ್ಲು. ಇನ್ನ ನೀವು ಮನಕೋರಿ."

ಬಿಸಿಲು ಅಂಗಳ ಬಿಟ್ಟು ಗೋಡೆ ಏರುವವರೆಗೂ ಇಬ್ಬರೂ ಕುಳಿತಿದ್ದರು. ದನಿ ಮತ್ತೆ ಬರಲಿಲ್ಲ. ಪದ್ಮವ್ವ ಬಟ್ಟೆಯಲ್ಲಿ ಮುಖ ಹುದುಗಿಸಿ ಅತ್ತಳು.

ಮರುದಿನ ಸೃಷ್ಟಿ ಅವಳನ್ನು ಬೆಳಗಾವಿಗೆ ಕರೆತಂದಳು. ಪ್ರಯೋಗಾಲಯದಲ್ಲಿ ಉಳಿದಿದ್ದ ಒಂದು ತುಂಡಿಗೆ ಮೊದಲು ತಾನೇ ಅದೇ ಮಾತು ಹೇಳಿ ನೋಡಿದಳು. ದನಿ ಕೊಂಚ ತಡೆದು, ಅಪರಿಚಿತರ ಮಾತು ಕೇಳಿದಂತೆ, ಮತ್ತೆ ಕರೆಯತೊಡಗಿತು. ಪದ್ಮವ್ವ ಹೇಳಿದಾಗಲೇ ನಿಂತಿತು. ವಡಗಾವಿಯಲ್ಲಿ ಉಳಿದಿದ್ದ ಸುರುಳಿಯೂ ಹಾಗೆಯೇ ಶಾಂತವಾಯಿತು. ಗುರುಸಿದ್ದ ಚಪ್ಪಲಿ ಬಿಟ್ಟು ದೂರದಲ್ಲಿ ನಿಂತು ನೋಡಿದ.

ಉಳಿದದ್ದು ಜರ್ಮನಿಗೆ ಹೋದ ತುಂಡು. ಅದನ್ನು ತಿರುಗಿ ಕಳಿಸಿರೆಂದು ಸೃಷ್ಟಿ ಬರೆದಳು. ನಾರು ಮೆತ್ತಗಾಗಿದೆ, ಗಟ್ಟಿತನ ಕುಗ್ಗಿಲ್ಲ ಎಂಬ ವರದಿ ಬಂತು. ಬಟ್ಟೆ ಎಲ್ಲಿದೆ ಎಂದು ಯಾರೂ ತಿಳಿಸಲಿಲ್ಲ. ವರದಿ ಬಂತು, ಬಟ್ಟೆ ಬರಲಿಲ್ಲ ಎಂದು ಫೋನಿನಲ್ಲಿ ಹೇಳಿದಾಗ ಪದ್ಮವ್ವ ಕೇಳಿದಳು.

"ಅಲ್ಲಿ ಮಳಿ ಐತೇನು ತಂಗಿ?"

ಸೃಷ್ಟಿ ಕಂಪ್ಯೂಟರಿನಲ್ಲಿ ಆ ಊರಿನ ಹವಾಮಾನ ತೆರೆದು ನೋಡಿದಳು. ವಾರವಿಡೀ ಮಳೆ ಇತ್ತು.

"ಇಲ್ಲ ಕಾಕೂ," ಎಂದಳು. "ಬಿಸಲ ಬಿದ್ದೈತಿ."