ತೂತು ಜಗ್ಗನ ಶ್ರೇಯಾಂಕ ಪಟ್ಟಿ

ಹೊನ್ನಾವರ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಜಗದೀಶ ಮಂಜುಗಡ್ಡೆಯ ಉಪಯೋಗ ಕಂಡದ್ದು ಬಂಗುಡೆ ಮೀನಿನ ಮೇಲೆ ಮಾತ್ರ. ಅದೇ ಮಂಜುಗಡ್ಡೆಯ ಮೇಲೆ ಜನ ಬೂಟಿಗೆ ಅಲಗು ಕಟ್ಟಿಕೊಂಡು ಜಾರುತ್ತ, ಕೋಲು ಹಿಡಿದು ಹಾಕಿ ಆಡುತ್ತಾರೆ ಎನ್ನುವುದನ್ನು ಅವನು ಮೊಬೈಲಿನಲ್ಲಿ ಕಂಡುಹಿಡಿದು ನಾಲ್ಕು ವರ್ಷವಾಗಿತ್ತು. ಈ ನಾಲ್ಕು ವರ್ಷದಲ್ಲಿ ಐಸ್ ಹಾಕಿಯ ಗೋಲ್‌ಕೀಪರುಗಳ ವಿಷಯದಲ್ಲಿ ಅವನು ಎಂಥ ಪಂಡಿತನಾದನೆಂದರೆ, ಭಟ್ಕಳದಿಂದ ಕುಮಟೆಯವರೆಗೆ ಅವನ ಎದುರು ವಾದಕ್ಕೆ ನಿಲ್ಲುವವರು ಒಬ್ಬರೂ ಇರಲಿಲ್ಲ. ಆ ಆಟದ ಹೆಸರು ಕೇಳಿದವರೂ ಇರಲಿಲ್ಲ ಎನ್ನುವುದು ಬೇರೆ ಮಾತು.

ಅವನ ಹತ್ತಿರ ಇನ್ನೂರು ಪುಟದ ನೋಟುಬುಕ್ಕೊಂದಿತ್ತು. ಅದರಲ್ಲಿ ಸರ್ವಕಾಲದ ಹತ್ತು ಶ್ರೇಷ್ಠ ಗೋಲ್‌ಕೀಪರುಗಳ ಪಟ್ಟಿಯನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದು ಅವನು ಮುಕ್ಕಾಲು ಪುಸ್ತಕ ಮುಗಿಸಿದ್ದ. ಕೆಲಸ ಸುಲಭದ್ದೇನಲ್ಲ. ಪ್ಲಾಂಟ್ ಎಂಬವನು ಬರಿ ಮುಖದಲ್ಲೇ ಬಲೆಯ ಮುಂದೆ ನಿಂತು, ಪೆಟ್ಟು ತಿಂದು, ಹೊಲಿಗೆ ಹಾಕಿಸಿಕೊಂಡು, ಮುಖವಾಡ ತೊಟ್ಟು ಅದೇ ಪಂದ್ಯಕ್ಕೆ ವಾಪಸು ಬಂದವನು. ಹಾಶೆಕ್ ಬರುವ ಹೊತ್ತಿಗೆ ಮೈತುಂಬ ದಿಂಬು ಕಟ್ಟಿಕೊಳ್ಳುವ ಸುಖದ ಕಾಲ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ? ಇನ್ನು ರಷ್ಯಾದ ಟ್ರೆಟಿಯಾಕ್ ಅಮೆರಿಕದವರ ಲೀಗಿನಲ್ಲಿ ಒಂದು ದಿನವೂ ಆಡಿದವನಲ್ಲ. ಯಾವ ಲೀಗು ಗಟ್ಟಿ, ಯಾವ ಕಾಲ ಕಷ್ಟ ಎಂದು ತೂಗಿ ಅಂಕ ಕೊಡುವ ಒಂದು ಪದ್ಧತಿಯನ್ನೇ ಜಗದೀಶ ಕಟ್ಟಿದ್ದ. ಆ ಗೋಲ್‌ಕೀಪರುಗಳಿಗೆ ಮಾತ್ರ ತಮ್ಮ ಭವಿಷ್ಯ ಹೊನ್ನಾವರದಲ್ಲಿ ತೀರ್ಮಾನವಾಗುತ್ತಿದೆ ಎಂಬ ಸುಳಿವೇ ಇರಲಿಲ್ಲ.

ಮೀನುಗಾರಿಕೆ ನಿಂತ ಮಳೆಗಾಲದಲ್ಲಿ ಶೆಡ್ಡಿನಲ್ಲಿ ಕೂತು ಹರಿದ ಬಲೆ ಸರಿಮಾಡುವವರ ಮುಂದೆ ಅವನು ಪಟ್ಟಿ ಓದುತ್ತಿದ್ದ. ಅವರ ಪೈಕಿ ಹಿರಿಯನಾದ ಹಮ್ಮ ಒಮ್ಮೆ ಕೈಯಲ್ಲಿದ್ದ ದಾರ ಬಿಟ್ಟು ಕೇಳಿದ್ದ: "ಬಲೆಗೆ ಬೀಳುಕೆ ಬಂದದ್ದನ್ನ ಅಡ್ಡ ನಿಂತು ತಡಿತಾನಲ್ಲ, ಅಂವ ಎಂತದು ಶ್ರೇಷ್ಠ ಮಾರಾಯ? ನಮ್ಮ ಬೋಟಲ್ಲಿ ಹಾಂಗೆ ಮಾಡಿದ್ರೆ ಅವನನ್ನೇ ನೀರಿಗೆ ಹಾಕ್ತಿದ್ರು."

ಜಗದೀಶ ಇಂಥ ಅಜ್ಞಾನಕ್ಕೆಲ್ಲ ಉತ್ತರ ಕೊಡುವವನಲ್ಲ. ಅವನ ಹುಡುಕಾಟದ ಕಾರಣವೇ ಬೇರೆ. ಇಪ್ಪತ್ತೇಳು ವರ್ಷದ ಹಿಂದೆ, ಮೂರು ತಾಲೂಕುಗಳ ಫುಟ್‌ಬಾಲ್ ಫೈನಲ್ಲಿನಲ್ಲಿ, ಕುಮಟೆಯ ಮೈದಾನದಲ್ಲಿ, ಹೊನ್ನಾವರದ ಗೋಲಿನ ಮುಂದೆ ನಿಂತಿದ್ದವನು ಅವನು. ಆಟ ಮುಗಿಯಲು ಎರಡು ನಿಮಿಷವಿದ್ದಾಗ ಕುಮಟೆ ತಂಡದ, ಸಂತೆಗುಳಿಯ ಬೊಮ್ಮಯ್ಯ ಒದ್ದ ಚೆಂಡು ಅವಸರವಿಲ್ಲದೆ ಉರುಳಿಕೊಂಡು ಬಂದು, ಅವನ ಎರಡು ಕಾಲುಗಳ ನಡುವಿನಿಂದ ಒಳಗೆ ಹೋಗಿತ್ತು. ಮರುದಿನವೇ ಅವನು 'ತೂತು ಜಗ್ಗ' ಆದ. ಮದುವೆಯ ಮಾತುಕತೆಗೆ ಬಂದವರು ಯಾವ ಜಗದೀಶ ಎಂದು ಕೇಳಿದಾಗಲೂ ಬಂದರಿನ ಜನ ಆ ಹೆಸರಿನಿಂದಲೇ ಮನೆಯ ದಾರಿ ತೋರಿಸಿದ್ದರು. ಊರವರಿಗೆ ನೆನಪಿನ ಶಕ್ತಿ ಕಡಿಮೆ ಎಂದು ದೂರುವವರು ಒಮ್ಮೆ ಹೊನ್ನಾವರಕ್ಕೆ ಬಂದು ನೋಡಬೇಕು.

ಆದ್ದರಿಂದ ಅವನು ಐಸ್ ಹಾಕಿಯಲ್ಲಿ ಹುಡುಕುತ್ತಿದ್ದುದು ತಡೆಯಬಹುದಾಗಿದ್ದ ಸುಲಭದ ಗೋಲು ಬಿಟ್ಟ ಮಹಾಪುರುಷರನ್ನು. ಟ್ರೆಟಿಯಾಕನಂಥವನೇ ಒಲಿಂಪಿಕ್ಸಿನ ದೊಡ್ಡ ಪಂದ್ಯದಲ್ಲಿ, ಮೊದಲ ಅವಧಿಯ ಕೊನೆಯ ಗಳಿಗೆಯಲ್ಲಿ ಅಂಥದೊಂದನ್ನು ಬಿಟ್ಟು, ಉಳಿದ ಆಟವನ್ನು ಬೆಂಚಿನ ಮೇಲೆ ಕೂತು ನೋಡಿದ್ದ. ಅದನ್ನು ಓದಿದ ದಿನ ಜಗದೀಶ ಎರಡು ಕಪ್ ಚಾ ಹೆಚ್ಚು ಕುಡಿದು, ಟ್ರೆಟಿಯಾಕನನ್ನು ನಾಲ್ಕನೇ ಸ್ಥಾನದಿಂದ ಒಂದಕ್ಕೆ ಏರಿಸಿದ್ದ. ಪದ್ಧತಿ ಪದ್ಧತಿಯೇ, ಆದರೆ ನ್ಯಾಯ ಎನ್ನುವುದೂ ಒಂದಿದೆಯಲ್ಲ.

ಈ ಪಾಂಡಿತ್ಯದ ಫಲ ಈ ವರ್ಷ ಸಿಕ್ಕಿತು. ಮೂರು ತಾಲೂಕುಗಳ ಹಳೆಯ ಆಟಗಾರರ ವಾಟ್ಸಾಪ್ ಗುಂಪಿನಲ್ಲಿ, ನಮ್ಮಲ್ಲಿ ಇಷ್ಟು ವರ್ಷದಲ್ಲಿ ಶ್ರೇಷ್ಠ ಗೋಲ್‌ಕೀಪರ್ ಯಾರು ಎಂಬ ಜಗಳ ಹುಟ್ಟಿ, ಹದಿನೈದು ದಿನವಾದರೂ ಮುಗಿಯಲಿಲ್ಲ. ಕೊನೆಗೆ ಯಾರೋ ತಮಾಷೆಗೆ ತೂತು ಜಗ್ಗನೇ ತೀರ್ಪು ಕೊಡಲಿ ಎಂದರು. ಉಳಿದವರು ನಗುವ ಚಿತ್ರ ಕಳಿಸಿದರು. ಜಗದೀಶ ಅದನ್ನು ಸರ್ವಾನುಮತದ ಆಯ್ಕೆ ಎಂದು ತಿಳಿದು, ಒಂದು ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಬಲೆಯ ಶೆಡ್ಡಿಗೆ ಕರೆದ. ನಲವತ್ತು ಜನ ಬಂದರು. ಮಳೆಗಾಲದಲ್ಲಿ ಬೇರೆ ಕೆಲಸವೂ ಇರಲಿಲ್ಲ.

ಅಲ್ಲಿಯೂ ಅದೇ ಪೇಚು. ಭಟ್ಕಳದವರ ಗೋಲ್‌ಕೀಪರ್‌ಗೆ ಆ ಕಾಲಕ್ಕೇ ದುಬೈಯ ಕೈಗವಸಿತ್ತು. ಹೊನ್ನಾವರದ ಹಳಬರು ಬರಿಗಾಲಲ್ಲಿ ಮರಳಿನ ಮೇಲೆ ಆಡಿದವರು. ಮರಳಿನ ಮೇಲೆ ಬಿದ್ದರೆ ನೋವಾಗುವುದಿಲ್ಲ, ಅದಕ್ಕೆ ಅಂಕ ಕಡಿಮೆ ಮಾಡಬೇಕು ಎಂದು ಭಟ್ಕಳದವರು ಗಂಭೀರವಾಗಿ ವಾದಿಸಿದರು. ಜಗದೀಶ ಪೆನ್ನು ಹಿಡಿದು ಎಲ್ಲವನ್ನೂ ಬರೆದುಕೊಂಡ. ತನ್ನ ಹೆಸರನ್ನು ಅವನು ಪಟ್ಟಿಗೆ ಸೇರಿಸಿರಲಿಲ್ಲ. ಸೇರಿಸುವ ಆಸೆ ಇತ್ತು, ಧೈರ್ಯ ಇರಲಿಲ್ಲ.

ಆಗ ಬೊಮ್ಮಯ್ಯ ಎದ್ದ. ಆ ಒಂದು ಗೋಲಿನ ಬಲದ ಮೇಲೆ ಎರಡು ಸಲ ಪಂಚಾಯತ್ ಮೆಂಬರಾದವನು; ಎದ್ದರೆ ಕೂರುವುದು ನಿಧಾನ.

"ನಾ ಹೇಳುದು ಇಷ್ಟೇ. ಈ ಜಗದೀಶನಂಥ ಗೋಲ್‌ಕೀಪರ್ ಮೂರು ತಾಲೂಕಲ್ಲಿ ಇನ್ನೊಬ್ಬ ಇರಲಿಲ್ಲ. ಒಂದನೇ ನಂಬರು ಇವನಿಗೇ ಕೊಡ್ಬೇಕು. ಅಂಥವನಿಗೆ ನಾ ಗೋಲು ಹೊಡ್ದದ್ದು. ನಮ್ಮ ಬದಿಗೆ ಯಾರನ್ನ ಬೇಕಾದ್ರೂ ಕೇಳಿ."

ಹೊನ್ನಾವರದವರು ಮುಖ ಮುಖ ನೋಡಿಕೊಂಡರು. ಕುಮಟೆಯವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಬೊಮ್ಮಯ್ಯ ತನ್ನ ಊರು ತುಂಬ ಇದನ್ನೇ ಹೇಳಿಕೊಂಡು ಬಂದಿದ್ದಾನೆ ಎನ್ನುವುದು ಜಗದೀಶನಿಗೆ ಆಗ ತಿಳಿಯಿತು. ಗೋಲ್‌ಕೀಪರ್ ದೊಡ್ಡವನಾದಷ್ಟೂ ಗೋಲು ದೊಡ್ಡದಾಗುತ್ತದೆ. ಇಪ್ಪತ್ತೇಳು ವರ್ಷದಲ್ಲಿ ಅದು ಎಷ್ಟು ದೊಡ್ಡದಾಗಿರಬಹುದು ಎಂದು ಲೆಕ್ಕ ಹಾಕಲೂ ಅವನಿಗೆ ಭಯವಾಯಿತು.

"ಹಂಗಾದ್ರೆ ಆ ಚೆಂಡು ಜೋರಾಗಿ ಬಂದಿತ್ತನಾ ಜಗ್ಗ?" ಹಮ್ಮ ಕೇಳಿದ. "ಇಲ್ಲಿ ನಾವು ಕೇಳಿದ್ದೇ ಬೇರೆ."

ಜಗದೀಶ ಇಷ್ಟು ವರ್ಷ ಹೊತ್ತ ಹೆಸರು ಇಳಿಯಲು ಒಂದು ಮಾತು ಸಾಕಿತ್ತು. ಸಾಕ್ಷಿ ಇಲ್ಲವೆಂದು ತನ್ನ ಪಟ್ಟಿಯಲ್ಲಿ ನೂರು ವರ್ಷ ಹಿಂದಿನ ಗೋಲ್‌ಕೀಪರುಗಳ ಅಂಕ ನಿರ್ದಾಕ್ಷಿಣ್ಯವಾಗಿ ಕಡಿದ ಆ ನ್ಯಾಯಾಧೀಶ, "ಹೌದು. ಗುಂಡು ಬಂದ ಹಾಂಗೆ ಬಂತು. ಕೈ ತಾಗಿತು, ಆದ್ರೆ ನಿಲ್ಲಲಿಲ್ಲ," ಎಂದ. ಕೈ ತಾಗಿದ್ದನ್ನು ಅವನು ಆ ಕ್ಷಣದಲ್ಲೇ ಸೇರಿಸಿದ್ದು.

ಕುಮಟೆಯವರು ಚಪ್ಪಾಳೆ ತಟ್ಟಿದರು. ಹೊನ್ನಾವರದವರೂ ಅನುಮಾನದಲ್ಲೇ ತಟ್ಟತೊಡಗಿದಾಗ, ಹಿಂದೆ ಬಲೆಯ ರಾಶಿಗೆ ಒರಗಿ ಕೂತಿದ್ದ ದಾಸ ಎದ್ದು ನಿಂತ. ಆ ಫೈನಲ್ಲಿನ ದಿನ ಹೊನ್ನಾವರದ ಬ್ಯಾಕ್ ಆಗಿ ಗೋಲಿನ ಹತ್ತಿರವೇ ಆಡಿದವನು, ಮರುದಿನ ಬಂದರಿನಲ್ಲಿ ಆ ಹೆಸರು ಇಟ್ಟವನು, ಎರಡೂ ಅವನೇ.

"ಗುಂಡೂ ಇಲ್ಲ, ಎಂತದೂ ಇಲ್ಲ. ಮೆಲ್ಲಗೆ ಬಂತು ಅದು. ನಾ ಐದು ಹೆಜ್ಜೆ ಆಚೆ ಇದ್ದೆ." ದಾಸ ಬಲೆ ದಾಟಿ ಮುಂದೆ ಬಂದ. "ನಾನೇ ಕರ್ದದ್ದು ಅವನನ್ನ. ಇನ್ನೆಷ್ಟು ಹೊತ್ತು ಉಳಿತು ಅಂತ ಕೇಳುಕೆ. ಅಂವ ನನ್ನ ಬದಿಗೆ ತಿರುಗಿದ, ಚೆಂಡು ಒಳಗೆ ಹೋತು. ನನ್ನ ಹೆಸರು ಬರುದು ಬ್ಯಾಡ ಅಂತ ಅವನಿಗೆ ಆ ಹೆಸರಿಟ್ಟೆ."

ಅವನು ಜಗದೀಶನತ್ತ ಕೈ ತೋರಿಸಿದ.

"ಇಪ್ಪತ್ತೇಳು ವರ್ಷ ಅಂವ ನನ್ನ ಹೆಸರು ಹೇಳಲಿಲ್ಲ. ಈಗ್ಲೂ ಕಾಣಿ, ನನ್ನ ಉಳಿಸುಕೆ ಇಷ್ಟು ಜನರ ಮುಂದೆ ಸುಳ್ಳು ಹೇಳ್ತಿದ್ದ. ನಂಗೆ ಕೇಳುಕೆ ಆಗ್ಲಿಲ್ಲ."

ಜಗದೀಶ ಬಾಯಿ ತೆರೆದ. ಆ ದಿನ ಗದ್ದಲದ ನಡುವೆ ಯಾರೋ ಜಗ್ಗ ಎಂದು ಕೂಗಿದ್ದು ಅವನಿಗೆ ನೆನಪಿತ್ತು. ಆಟ ನೋಡಲು ಬಂದಿದ್ದ ಹುಡುಗಿಯರ ಪೈಕಿ ಒಬ್ಬಳಿರಬೇಕು ಎಂದೇ ಅವನು ಇಲ್ಲಿಯವರೆಗೆ ನಂಬಿದ್ದ. ತಿರುಗಿದ್ದೂ ಅದಕ್ಕೇ. ದಾಸನ ವಿಷಯ ಗೊತ್ತಿದ್ದರೆ ಮರುದಿನವೇ ಬಂದರು ತುಂಬ ಸಾರಿಕೊಂಡು ಬರುತ್ತಿದ್ದ. ಅದನ್ನು ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಹಮ್ಮ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡ. ಭಟ್ಕಳದ ಒಬ್ಬರು ಕಣ್ಣೊರೆಸಿಕೊಂಡರು. ಬಾಯಿ ತಾನಾಗಿ ಮುಚ್ಚಿತು.

"ಆತು ದಾಸಣ್ಣ, ಬಿಡು ಅದನ್ನ," ಎಂದ. ಅಷ್ಟು ದೊಡ್ಡ ಮನಸ್ಸಿನ ಮಾತನ್ನು ಕೇಳಿ ಜನ ಇನ್ನಷ್ಟು ಕರಗಿದರು.

ಬೊಮ್ಮಯ್ಯನ ಗೋಲು ಮಾತ್ರ ಎಲ್ಲರ ಕಣ್ಣೆದುರೇ ಮುದುಡಿಹೋಯಿತು. ಆದರೆ ಅವನು ಸುಮ್ಮನೆ ಮೆಂಬರಾದವನಲ್ಲ. ಗೋಲ್‌ಕೀಪರ್ ತಿರುಗಿದ್ದನ್ನು ನೋಡಿಯೇ ಮೆಲ್ಲಗೆ ಒದ್ದದ್ದು, ಅದಕ್ಕೆ ತಲೆ ಬೇಕು ಎಂದು ಹೇಳಿ ಕೂತ. ಒಂದನೇ ಸ್ಥಾನ ಭಟ್ಕಳದ ಆ ದುಬೈಯ ಕೈಗವಸಿಗೆ ಹೋಯಿತು; ಯಾರಿಗೂ ತಕರಾರು ಮಾಡುವ ಮನಸ್ಸಿರಲಿಲ್ಲ.

ಆವತ್ತಿನಿಂದ ಬಂದರಿನಲ್ಲಿ ಆ ಹೆಸರನ್ನು ಯಾರೂ ಎತ್ತಲಿಲ್ಲ. ಈಗ ಅವನು ಜಗದೀಶಣ್ಣ. ಗೆಳೆಯನ ಮಾನ ಕಾಯಲು ಜೀವಮಾನವಿಡೀ ಅವಮಾನ ನುಂಗಿದವನು ಎಂದು ತೋರಿಸಿ, ತಾಯಂದಿರು ಮಕ್ಕಳಿಗೆ ಬುದ್ಧಿ ಹೇಳುತ್ತಾರೆ. ದಾಸ ದಿನಾ ಮೀನು ತಂದುಕೊಟ್ಟು, ಕಣ್ಣು ತಗ್ಗಿಸಿ ಹೋಗುತ್ತಾನೆ. ಜಗದೀಶ ಆ ಮೀನು ತಿನ್ನುತ್ತಾನೆ. ನೋಟುಬುಕ್ಕನ್ನು ಮಾತ್ರ ಮತ್ತೆ ತೆರೆದಿಲ್ಲ. ಜಗದೀಶಣ್ಣ ಎಂದು ಯಾರಾದರೂ ಕೂಗಿದಾಗಲೆಲ್ಲ ಅವನಿಗೆ ತೂತು ಜಗ್ಗನೇ ವಾಸಿಯಾಗಿತ್ತು ಅನಿಸುತ್ತದೆ. ಅದನ್ನಾದರೂ ಅವನು ತಾನೇ ಆಡಿ ಗಳಿಸಿದ್ದ.