ಹೆಂಡತಿಯ ಹಿಂದೆ ಹೋದವನು

ಮಣ್ಣು ಮಾಡಿದ ಮರುದಿನ ಪೇಪರಿನಲ್ಲಿ ‘ಸಾವಿನಲ್ಲೂ ಒಂದಾದ ದಂಪತಿ’ ಎಂದು ಬಂತು. ತಿಥಿಯ ಹೊತ್ತಿಗೆ ಊರು ಪೇಪರಿಗಿಂತ ಮುಂದೆ ಹೋಗಿತ್ತು. ನಮ್ಮವ್ವನನ್ನು ಮಾಸ್ತಿ ಮಾಡಿಬಿಟ್ಟಿತ್ತು.

ಜಗಳೂರಿನ ಸುತ್ತ ಹೊಲದ ಬದುಗಳಲ್ಲಿ ಮಾಸ್ತಿ ಕಲ್ಲುಗಳು ಇನ್ನೂ ನಿಂತಿವೆ. ಕಲ್ಲಿನಲ್ಲಿ ಬಳೆ ತೊಟ್ಟ ಒಂದು ತೋಳು ಮೇಲೆತ್ತಿರುತ್ತದೆ. ಗಂಡ ಸತ್ತಾಗ ಚಿತೆ ಏರಿದ ಹೆಂಗಸರ ಕಲ್ಲುಗಳು ಅವು. ಹೊಸದಾಗಿ ಮದುವೆಯಾದವರು ಅರಿಶಿನ ಹಚ್ಚಿ ಬರುತ್ತಾರೆ. ಏರಿಸಿದವರು ಯಾರು ಎಂದು ಯಾರೂ ಕೇಳುವುದಿಲ್ಲ.

ಅವ್ವ ಕೆಂಪಕ್ಕ, ಅಪ್ಪ ಉಚ್ಚಂಗೆಪ್ಪ ಬಸ್ ಸ್ಟ್ಯಾಂಡಿನ ಪಕ್ಕ ತಗಡಿನ ಅಂಗಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಮಾರುತ್ತಿದ್ದರು. ಹಿಂದಿನ ಸಾಲು ಮಳಿಗೆಗಳು ಮಹೇಶ್ವರಪ್ಪನವು. ತನ್ನ ಬೋರ್ಡಿನ ದೀಪಕ್ಕೆಂದು ಅವನು ಕಂಬದಿಂದ ಕದ್ದು ಎಳೆಸಿದ ವೈರು ನಮ್ಮ ತಗಡಿನ ಮೇಲೆ ಹಾದುಹೋಗಿತ್ತು. ಗಾಳಿಗೆ ಉಜ್ಜಿ ಉಜ್ಜಿ ಅದರ ಮೈ ಸುಲಿದಿತ್ತು. ಅವ್ವ ಹೋಗಿ ಜಗಳವಾಡಿದಾಗಲೆಲ್ಲ “ನಾಳೆ ತೆಗೆಸ್ತೀನಿ ಬಿಡು ಕೆಂಪಕ್ಕ” ಎನ್ನುತ್ತಿದ್ದ. ತುಂತುರು ಬೀಳುತ್ತಿದ್ದ ಒಂದು ಬೆಳಿಗ್ಗೆ ಅಂಗಡಿಯ ತಗಡಿನ ಬಾಗಿಲು ತೆಗೆಯುವಾಗ ಕರೆಂಟು ಹೊಡೆದು ಇಬ್ಬರೂ ಸತ್ತರು.

ಕೆಲಸಕ್ಕಿದ್ದ ಹೊನ್ನಾಳಿಯಿಂದ ಬಂದವಳೇ ನಾನು ಪೊಲೀಸರಿಗೆ ದೂರು ಕೊಟ್ಟೆ. ಊರಿನ ಭಕ್ತಿ ಶುರುವಾದದ್ದು ಅದರ ಮರುದಿನದಿಂದ.

ಕಂಡವನು ಒಬ್ಬನೇ, ಪಕ್ಕದ ಟೀ ಅಂಗಡಿಯ ಶರಣು. ಆಸ್ಪತ್ರೆಯಲ್ಲಿ ಅಳುತ್ತಾ ನನಗೆ ಎಲ್ಲವನ್ನೂ ಹೇಳಿದ. ಪೊಲೀಸರ ಮುಂದೆ ಮಾತ್ರ “ನಾನು ಒಲೆ ಕಡೆ ತಿರುಗಿದ್ದೆ, ನೋಡಿಲ್ಲ” ಎಂದ. ಅವನ ಅಂಗಡಿ ಇರುವುದು ಮಹೇಶ್ವರಪ್ಪನ ಮಳಿಗೆಯಲ್ಲಿ. ಅವನು ಬಾಯಿ ಬಿಡದಿದ್ದರೆ ನನ್ನ ದೂರು ಅಲ್ಲಿಗೇ ಸತ್ತಂತೆ.

ತಿಥಿಗೆ ಬಂದ ಹೆಂಗಸರು “ಗಂಡ ಹೆಂಡ್ತಿ ಅಂದ್ರೆ ಹಂಗಿರಬೇಕು” ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಹೆಂಗಿದ್ದರು ಎಂದು ನನ್ನನ್ನು ಕೇಳಬೇಕಿತ್ತು. ಅವರು ವಾರದಲ್ಲಿ ಮೂರು ದಿನ ಮಾತು ಬಿಟ್ಟಿರುತ್ತಿದ್ದರು. ಆಗ ಗಿರಾಕಿಗಳೇ ಸುದ್ದಿ ಸಾಗಿಸಬೇಕು. “ಆ ಮನುಷ್ಯಗೆ ಹೇಳ್ರಿ, ಈರುಳ್ಳಿ ದಪ್ಪ ಆಗೈತೆ” ಎನ್ನುವಳು ಅವ್ವ. “ಆಯಮ್ಮಗೆ ಹೇಳ್ರಿ, ಎಣ್ಣೆ ನೋಡ್ಕೊಳ್ಳಾಕೆ” ಎನ್ನುವನು ಅಪ್ಪ. ನಾನು ಚಿಕ್ಕವಳಿದ್ದಾಗ ಅಪ್ಪ ಕುಡಿದು ಬಂದು ಒಮ್ಮೆ ಕೈ ಎತ್ತಿದ. ಅವ್ವ ನನ್ನನ್ನು ಎಳೆದುಕೊಂಡು ನ್ಯಾಮತಿಯ ತವರಿಗೆ ಹೋದವಳು ವರ್ಷವಾದರೂ ತಿರುಗಿ ಬರಲಿಲ್ಲ. ಕೊನೆಗೆ ಅಪ್ಪ ಮಂಡಕ್ಕಿ ಚೀಲ ಹೊತ್ತು ಬಂದು ಅವಳ ತವರಿನ ಎದುರೇ ವ್ಯಾಪಾರಕ್ಕೆ ಕುಳಿತ. ಬರೀ ಮಂಡಕ್ಕಿ. ಒಂದು ವಾರ ನೋಡಿ ಅವ್ವ ಹೊರಗೆ ಬಂದಳು.

“ಮೆಣಸಿನಕಾಯಿ ಇಲ್ಲದ ಮಂಡಕ್ಕಿ ಯಾವನ್ ತಿಂತಾನೆ?”

“ಯಾವನೂ ತಿಂತಾ ಇಲ್ಲ” ಎಂದ ಅಪ್ಪ.

“ಕುಡಿಯೋದು?”

“ಬಿಟ್ಟೀನಿ.”

ಪೂರ್ತಿ ಬಿಟ್ಟಿರಲಿಲ್ಲ. ಆದರೆ ಕೈ ಮತ್ತೆ ಎತ್ತಲಿಲ್ಲ. ಇದು ಅವರ ಸಂಸಾರ. ಇದರಲ್ಲಿ ಮಾಸ್ತಿ ಎಲ್ಲಿದ್ದಾಳೆ?

ತಿಥಿಯ ದಿನ ಕಲ್ಲು ಟ್ರ್ಯಾಕ್ಟರಿನಲ್ಲಿ ಬಂತು. ಮಾಡಿಸಿದವನು ಮಹೇಶ್ವರಪ್ಪನೇ. ಎತ್ತಿದ ತೋಳು, ಬಳೆ, ಎಲ್ಲ ಇತ್ತು. ಸಮಾಧಿಯ ಹತ್ತಿರ ಅದನ್ನು ಇಳಿಸಿ ನಿಲ್ಲಿಸಿದರು. ಅಪ್ಪನ ಅಣ್ಣ ರಂಗಣ್ಣ ದೊಡ್ಡಪ್ಪ ನನ್ನನ್ನು ಬದಿಗೆ ಕರೆದ.

“ಚೈತ್ರಾ, ನಮ್ಮ ಮನೆತನಕ್ಕೆ ಮಾಸ್ತಿ ಬಂದಾಳೆ. ಇನ್ನು ಆ ಕೇಸು ಬಿಡವ್ವ. ದೈವ ಕರೆಸಿಕೊಂಡದ್ದಕ್ಕೆ ಪೊಲೀಸ್ರು ಏನ್ ಮಾಡಾಕೆ ಆಗ್ತೈತೆ?”

“ದೈವ ಕಂಬದಿಂದ ಕರೆಂಟು ಕದೀತೈತಾ ದೊಡ್ಡಪ್ಪ?”

ಮಹೇಶ್ವರಪ್ಪ ಕೇಳಿಸಿಕೊಂಡ. “ಓದಿದ ಹುಡುಗೀರು ಹಿಂಗೇ” ಎಂದು ನಕ್ಕ. “ಅವ್ವಗೆ ಕಲ್ಲು ಕೊಟ್ಟೀನಿ. ನೀನು ನಂಗೆ ಕೋರ್ಟು ಕೊಡ್ತೀಯ.”

ದೊಡ್ಡಪ್ಪ ಕಲ್ಲಿನ ಮುಂದೆ ನಿಂತು ಜನಕ್ಕೆ ಕಥೆ ಹೇಳತೊಡಗಿದ. ಅಲ್ಲಿ ಇಲ್ಲದಿದ್ದವನು ಎಲ್ಲವನ್ನೂ ಕಂಡಿದ್ದ. “ನನ್ನ ತಮ್ಮ ಬಾಗಿಲು ಹಿಡಿದು ಒದ್ದಾಡ್ತಾ ಇದ್ದ. ಇವಳು ದೂರ ನಿಂತಿದ್ದಳು, ಬದುಕಬಹುದಿತ್ತು. ‘ನೀನಿಲ್ಲದೆ ನಾನ್ಯಾಕೆ’ ಅಂತ ಹೋಗಿ ತಬ್ಬಿಕೊಂಡಳು.”

ಟೀ ಕೊಡುತ್ತಿದ್ದ ಶರಣು ಕೆಟಲ್ ನೆಲಕ್ಕಿಟ್ಟ.

“ಸುಳ್ಳು ಅದು.”

“ಟೀ ಕೊಡಲೇ ನೀನು” ಎಂದ ಮಹೇಶ್ವರಪ್ಪ.

“ಕರೆಂಟು ಮೊದಲು ಹಿಡಿದಿದ್ದು ಕೆಂಪಕ್ಕನ್ನ. ನಾನು ಕೋಲು ತರ್ತೀನಿ, ಮುಟ್ಟಬೇಡಣ್ಣ ಅಂದೆ. ಅಣ್ಣ ನಿಲ್ಲಲಿಲ್ಲ. ಅಕ್ಕನ ರಟ್ಟೆ ಹಿಡಿದು ಎಳೆದ. ಅಷ್ಟೇ.”

ದೊಡ್ಡಪ್ಪನ ಮುಖ ಕಪ್ಪಾಯಿತು. “ಗಂಡಸು ಹೆಂಗಸಿನ ಹಿಂದೆ ಸತ್ತ ಅಂತ ಊರ ಮುಂದೆ ಹೇಳ್ತೀಯೇನಲೇ?”

“ಸತ್ತನಲ್ಲ, ಏನ್ ಮಾಡ್ಲಿ.”

“ಬಾಗಿಲಿಗೆ ಕರೆಂಟು ಎಲ್ಲಿಂದ ಬಂತು ಅಂತ ಯಾರಿಗೆ ಗೊತ್ತು” ಎಂದು ಮಹೇಶ್ವರಪ್ಪ ಎದ್ದ.

“ನಿಮ್ಮ ಆಳು ವೈರು ಎಳೆಯುವಾಗ ಏಣಿ ಹಿಡ್ಕೊಂಡಿದ್ದೇ ನಾನಲ್ಲೇನ್ರಿ.”

ಅರಿಶಿನದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸರು ಒಬ್ಬೊಬ್ಬರೇ ಹಿಂದೆ ಸರಿದರು. ಹೆಂಡತಿ ಮೊದಲು ಹೋಗಿದ್ದರೆ ಮಾಸ್ತಿಯಲ್ಲ. ಅವಳನ್ನು ಬಿಡಿಸಲು ಹೋಗಿ ಸತ್ತ ಗಂಡನಿಗೆ ನಮ್ಮ ಕಡೆ ಕಲ್ಲೂ ಇಲ್ಲ, ಹೆಸರೂ ಇಲ್ಲ. ಅವನು ದೊಡ್ಡಪ್ಪನಿಗೆ ಮನೆತನದ ಅವಮಾನ. ಬೆಳಗಿನಿಂದ ಅಳುತ್ತಿದ್ದವರ ಕಣ್ಣು ಅಷ್ಟು ಬೇಗ ಒಣಗಿದ್ದನ್ನು ಕಂಡು ನನಗೆ ಅಸಹ್ಯವಾಯಿತು.

ಊಟಕ್ಕೆ ಎಲೆ ಹಾಕುತ್ತಿದ್ದರು. ನಾನು ಶರಣುವನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡೆ.

“ಸಂಜೆಗೆ ಅಂಗಡಿ ಖಾಲಿ ಮಾಡು ಅಂತಾನೆ ಅಕ್ಕ” ಎಂದ.

“ಅಂತಾನೆ” ಎಂದೆ. ಇಲ್ಲ ಎಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಠಾಣೆಯ ಮುಂದೆ ನಾನು ಸ್ಟ್ಯಾಂಡ್ ಹಾಕುವ ಮೊದಲೇ ಅವನು ಇಳಿದು ಒಳಗೆ ಹೋದ.