ತಂತಿ ಕುರ್ಚಿಯ ಗುರುತು

ನವಿಲುತೀರ್ಥದ ಕಡೆ ಒಂದು ಹಳೆಯ ಬಂಗಲೆಯ ಸಾಮಾನು ಹರಾಜಿಗೆ ಬಂದಿದೆ ಎಂದು ಕೇಳಿ ವೀರಪ್ಪನವರು ಬೆಳಗಿನ ಬಸ್ಸಿಗೇ ಹೋಗಿದ್ದರು. ಅವರ ಹತ್ತಿ ಅಡತಿ ಅಂಗಡಿಗೆ ಎರಡು ಕಬ್ಬಿಣದ ಕಪಾಟು ಬೇಕಾಗಿದ್ದವು. ಸಂಜೆ ಬೈಲಹೊಂಗಲದ ಮನೆಯ ಮುಂದೆ ಟೆಂಪೋ ನಿಂತಾಗ ಕಪಾಟುಗಳ ಹಿಂದಿನಿಂದ ಇನ್ನೊಂದು ವಸ್ತು ಇಳಿಯಿತು. ಅದು ಕುರ್ಚಿ ಎಂದು ತಿಳಿಯಲು ಮನೆಮಂದಿಗೆ ಸ್ವಲ್ಪ ಹೊತ್ತೇ ಬೇಕಾಯಿತು. ಪೆನ್ಸಿಲ್ಲಿಗಿಂತ ಸಪೂರವಾದ ತಂತಿಗಳನ್ನು ಬಾಗಿಸಿ ಬೆಸೆದ ಒಂದು ಜಾಲರಿ. ಎರಡೂ ಬದಿಗೆ ರೆಕ್ಕೆಯ ಹಾಗೆ ಅಗಲಿಸಿಕೊಂಡು ಎರಡು ಕಬ್ಬಿಣದ ಸರಳುಗಳ ಮೇಲೆ ತುಸು ಹಿಂದಕ್ಕೆ ವಾಲಿ ಕುಳಿತಿತ್ತು.

ಕಸ ಹೊಡೆಯುತ್ತಿದ್ದ ಲಗಮವ್ವ ಕಸಬರಿಗೆ ಕೆಳಗಿಟ್ಟು ಬಂದು ನೋಡಿದಳು. "ಯಪ್ಪಾ, ಕೋಳಿ ಮುಚ್ಚೂ ಬುಟ್ಟಿ ತಂದೀರೇನ್ರಿ? ಈ ಮನ್ಯಾಗ ಕೋಳಿ ಯಾರ ತಿಂತಾರ?"

"ಕಪಾಟಿನ ಸಂಗಡ ಸುಮ್ನ ಕೊಟ್ರು, ತಂದ್ನಿ," ಎಂದು ವೀರಪ್ಪನವರು ಅದನ್ನು ಪಡಸಾಲೆಯಲ್ಲಿ ಹಾಕಿಸಿ, ಪರೀಕ್ಷೆಗೆಂಬಂತೆ ಕುಳಿತರು. ಕುಳಿತವರು ಏಳಲಿಲ್ಲ. "ಏನ ಆರಾಮ ಐತೋ! ಬೆನ್ನಿಗೂ ಗಾಳಿ ಬರತೈತಿ."

ಅಂದಿನಿಂದ ಅದು ಅವರ ಕುರ್ಚಿಯಾಯಿತು. ಬೇರೆಯವರು ಕುಳಿತುಕೊಳ್ಳಬಾರದು ಎಂದು ಅವರು ಹೇಳಿದವರಲ್ಲ. ಮಗ ಶ್ರೀಶೈಲ ಕೂಡ ಅದರಲ್ಲಿ ಕೂಡುತ್ತಿರಲಿಲ್ಲ, ಅಷ್ಟೆ. ಹೆಂಗಸರ ಮಾತಂತೂ ಏಳಲೇ ಇಲ್ಲ. ಆ ಮನೆಯಲ್ಲಿ ಹೆಂಗಸರು ಕೂಡುವುದು ನೆಲದ ಮೇಲೆ, ಮಣೆಯ ಮೇಲೆ, ಹಿತ್ತಲ ಕಟ್ಟೆಯ ಮೇಲೆ. ಶ್ರೀಶೈಲನ ಹೆಂಡತಿ ಶೈಲಜಾ ನೇಸರಗಿಯಿಂದ ಸೊಸೆಯಾಗಿ ಬಂದ ಆರು ವರ್ಷದಲ್ಲಿ, ಅತ್ತೆ ಸಿದ್ದಲಿಂಗವ್ವ ಕುರ್ಚಿಯ ಮೇಲೆ ಕುಳಿತದ್ದನ್ನು ಒಂದೇ ಸಲ ನೋಡಿದ್ದಳು. ಅದೂ ಫೋಟೋ ಸ್ಟುಡಿಯೋದಲ್ಲಿ.

ತೊಂಬತ್ತಾರರ ಆ ಬೇಸಿಗೆಯಲ್ಲೇ ಶ್ರೀಶೈಲನ ಗೆಳೆಯ ಮಿಲಿಂದ ಬಂದ. ಧಾರವಾಡದಲ್ಲಿ ಚಿತ್ರಕಲೆ ಕಲಿಸುವವನು. ಕೈಗೆ ಕೊಟ್ಟ ಚಹಾ ಹಾಗೇ ಇಟ್ಟು ಕುರ್ಚಿಯ ಮುಂದೆ ಮೊಣಕಾಲೂರಿದ. ಅದರ ಬೆಸುಗೆಗಳನ್ನು ಒಂದೊಂದಾಗಿ ಮುಟ್ಟಿದ.

"ಕಾಕಾ, ಇದನ್ನ ಹುಡುಕಿಕೊಂಡು ಹೋದ್ರೂ ಸಿಗೂದಿಲ್ರಿ. ಇದರ ಫೋಟೋ ನಮ್ಮ ಪುಸ್ತಕದಾಗ ಅದ. ಅಮೆರಿಕಾದಾಗ ಒಬ್ಬ ಶಿಲ್ಪಿ ಮಾಡಿದ್ದು, ಐವತ್ತರ ಸುಮಾರಿಗೆ. ಇದು ಅಸಲೀನೋ, ಇಲ್ಲೆ ಯಾರರ ನೋಡಿ ಮಾಡಿದ್ದೋ, ಅದನ್ನ ಮಾತ್ರ ಹೇಳಲಿಕ್ಕೆ ಬರೂದಿಲ್ಲ. ಇದಕ್ಕೊಂದು ಗಾದಿ ಇದ್ದಿರಬೇಕು."

"ಮೂರ್ತಿ ಮಾಡಾಂವ ಮಾಡಿದ್ದಂದ್ರ, ಕುಂದ್ರೂಕಿಂತ ಮೊದಲ ಕಾಯಿ ಒಡೀಬೇಕೇನೋ ಹಂಗಾರ?" ಎಂದು ವೀರಪ್ಪನವರು ನಕ್ಕರು.

"ಚ್ಯಾಷ್ಟಿ ಅಲ್ರಿ ಕಾಕಾ. ನೋಡ್ರಿ, ಇದರೊಳಗ ಕಬ್ಬಿಣ ಎಷ್ಟದ? ಹಿಡಿಯಷ್ಟು. ಉಳದದ್ದೆಲ್ಲಾ ಬಯಲ."

ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದ ಸಿದ್ದಲಿಂಗವ್ವ ಈ ಮಾತನ್ನು ಕೇಳಿಸಿಕೊಂಡರು. ಆಮೇಲೆ ರೊಟ್ಟಿ ತಟ್ಟುತ್ತ ಸೊಸೆಯನ್ನು ಕೇಳಿದರು, "ಮೂರ್ತಿ ಮಾಡಾಂವಗ ಕುರ್ಚಿ ಮಾಡೂ ಬುದ್ಧಿ ಯಾಕ ಬಂದೀತು ಶೈಲಾ?"

"ನನಗೇನ ಗೊತ್ತರಿ ಅತ್ತಿ."

"ಮೂರ್ತಿ ನಿಂತ ನಿಂತ ದಣದಿರಬೇಕ," ಎಂದರು ಅತ್ತೆ, ನಗದೆ. ಶೈಲಜಾ ನಕ್ಕಳು.

ಜುಲೈ ತಿಂಗಳ ಒಂದು ಮಧ್ಯಾಹ್ನ ಹೊಲಿಗೆ ಕ್ಲಾಸಿನ ಟೀಚರಿಗೆ ಜ್ವರ ಬಂದು ಶೈಲಜಾ ಬೇಗ ಮನೆಗೆ ಬಂದಳು. ಗಂಡಸರು ಅಂಗಡಿಯಲ್ಲಿದ್ದರು. ಹಿತ್ತಲಿನಿಂದ ಒಳಗೆ ಬಂದವಳು ಪಡಸಾಲೆಯ ಬಾಗಿಲಲ್ಲಿ ನಿಂತುಬಿಟ್ಟಳು. ತಂತಿ ಕುರ್ಚಿಯಲ್ಲಿ ಅತ್ತೆ ಕುಳಿತಿದ್ದರು. ಅದು ಅಗಲವಾದ ಕುರ್ಚಿ, ಅತ್ತೆ ಗಿಡ್ಡ ಹೆಂಗಸು. ಎರಡೂ ಕಾಲನ್ನು ಮೇಲೆ ಮಡಚಿಟ್ಟುಕೊಂಡು, ತಲೆಯ ಸೆರಗು ಜಾರಿಬಿಟ್ಟು, ಒಂದು ರೆಕ್ಕೆಗೆ ಒರಗಿದ್ದರು. ನಿದ್ದೆ ಮಾಡುತ್ತಿರಲಿಲ್ಲ. ಕೈಯಲ್ಲಿ ಸೊಪ್ಪಿರಲಿಲ್ಲ, ಬತ್ತಿಯಿರಲಿಲ್ಲ, ಜಪಮಣಿಯೂ ಇರಲಿಲ್ಲ. ಕಣ್ಣು ತೆರೆದೇ ಇದ್ದವು. ಅತ್ತೆ ಸುಮ್ಮನೆ ಇದ್ದದ್ದನ್ನು ಶೈಲಜಾ ಅದೇ ಮೊದಲು ಕಂಡದ್ದು. ನೋಡಬಾರದ್ದನ್ನು ನೋಡಿದವಳಂತೆ ಹಿಂದೆ ಸರಿದಳು. ಹಿತ್ತಲಿಗೆ ಹೋಗಿ, ಕೊಡಪಾನವೊಂದನ್ನು ಬೇಕೆಂದೇ ಸಪ್ಪಳ ಮಾಡಿ ಇಟ್ಟು ಮತ್ತೆ ಒಳಗೆ ಬಂದಳು. ಆಗ ಅತ್ತೆ ಅಡಿಗೆಮನೆಯಲ್ಲಿದ್ದರು.

ಮರುದಿನದಿಂದ, ಕ್ಲಾಸಿಲ್ಲದ ದಿನ ಶೈಲಜಾ ಊಟವಾದ ಕೂಡಲೇ "ನಿದ್ದಿ ಬರಾಕ ಹತ್ತೇತ್ರಿ" ಎಂದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದಳು. ಎರಡು ತಾಸು ಹೊರಗೆ ಬರುತ್ತಿರಲಿಲ್ಲ. ಬರುವಾಗ ಚಿಲಕವನ್ನು ನಾಲ್ಕು ಸಲ ಆಡಿಸುತ್ತಿದ್ದಳು. ಹೀಗೆ ತಿಂಗಳು ಕಳೆದ ಮೇಲೆ ಒಂದು ದಿನ ಸಿದ್ದಲಿಂಗವ್ವ ಸೊಸೆಯ ತಾಟಿಗೆ ತುಪ್ಪ ಹಾಕುತ್ತ, "ನಿನ್ನ ನಿದ್ದಿ ಬಾಳ ಶ್ಯಾಣ್ಯಾ ಐತಿ ನನವ್ವ," ಎಂದರು. ಆ ದಿನ ಹಾಕಿದಷ್ಟು ತುಪ್ಪವನ್ನು ಅತ್ತೆ ಆರು ವರ್ಷದಲ್ಲಿ ಹಾಕಿರಲಿಲ್ಲ.

ಆ ವರ್ಷ ಸಿದ್ದಲಿಂಗವ್ವನ ಮೈ ತುಂಬಿಕೊಂಡಿತ್ತು. ಬಳೆ ಬಿಗಿಯಾಗಿದ್ದವು. ಬಂದ ಬೀಗರು "ಸುಖಕ್ಕ ಮೈ ಬಂದೈತ್ರಿ" ಎನ್ನುತ್ತಿದ್ದರು. ಶ್ರಾವಣದ ಒಂದು ಸಂಜೆ, ಲಿಂಗಪೂಜೆಗೆ ಮೊದಲು ಕಾಲು ತೊಳೆಯಲು ಅತ್ತೆ ಬಚ್ಚಲಿಗೆ ಬಂದಾಗ ಶೈಲಜಾ ನೀರು ಹಾಕುತ್ತಿದ್ದಳು. ಅತ್ತೆಯ ಮೊಣಕಾಲ ಕೆಳಗೆ, ಹೊರಮಗ್ಗುಲಲ್ಲಿ, ಶಂಕರಪಾಳಿ ಕತ್ತರಿಸಲು ಗೆರೆ ಎಳೆದಂತೆ ಜಾಲರಿ ಮೂಡಿತ್ತು. ಹಿಮ್ಮಡದ ತನಕ ಸಾಲುಸಾಲು. ಗೆರೆಗಳು ಆಳವಾಗಿದ್ದವು. ನೀರು ಅವುಗಳೊಳಗೆ ಒಂದು ಕ್ಷಣ ನಿಂತು ಇಳಿಯಿತು.

ಅತ್ತೆ ಕುರ್ಚಿ ಬಿಟ್ಟು ಎದ್ದಿದ್ದು ನಾಲ್ಕಕ್ಕೆ. ಈಗ ಏಳಾಗಿತ್ತು.

ಮರುದಿನ ಅತ್ತೆ ಗುಡಿಗೆ ಹೋದಾಗ ಶೈಲಜಾ ಆ ಕುರ್ಚಿಯಲ್ಲಿ ಕಾಲು ಮಡಚಿ ಕುಳಿತಳು. ಅರ್ಧ ತಾಸು ಕುಳಿತು ಎದ್ದು ನೋಡಿಕೊಂಡಳು. ಅದೇ ಶಂಕರಪಾಳಿ. ಹಾಲು ಒಲೆಯ ಮೇಲಿಟ್ಟಳು. ಅದು ಉಕ್ಕಿ ಬರುವಷ್ಟರಲ್ಲಿ ಅವಳ ಕಾಲು ಮೊದಲಿನಂತೆ ನುಣ್ಣಗಾಗಿತ್ತು.

"ಅತ್ತಿ, ಇದು ಮೈ ಬಂದದ್ದಲ್ರಿ, ಬಾವು," ಎಂದಳು ಅಂದೇ. "ಡಾಕ್ಟರ್ ಕಡೆ ಹೋಗೂಣ್ರಿ."

ಊರ ಡಾಕ್ಟರಿಗೆ ತೋರಿಸಿದ್ದಾಯಿತು. ಹೋದದ್ದು ಬೆಳಿಗ್ಗೆ, ಆ ಹೊತ್ತಿಗೆ ಬಾವು ಇಳಿದಿತ್ತು. ವಯಸ್ಸಿನದು, ಉಪ್ಪು ಕಡಿಮೆ ಮಾಡಿರಿ ಎಂದು ಟಾನಿಕ್ ಬರೆದುಕೊಟ್ಟರು. ಬೆಳಗಾವಿಗೆ ಹೋಗೋಣ ಎಂದರೆ ಶ್ರೀಶೈಲ, "ಅವ್ವ ಮೊದಲಿಂದನೂ ದುಂಡಗನ ಅದಾಳ. ನೀ ಸುಮ್ನ ಏನರ ಹಚ್ಚಬ್ಯಾಡ," ಎಂದ. ವೀರಪ್ಪನವರು, "ಹತ್ತಿ ಸುಗ್ಗಿ ಮುಗೀಲಿ, ನೋಡೂಣ," ಎಂದರು.

ಗುರುತುಗಳ ಸುದ್ದಿಯನ್ನು ಯಾರಿಗೂ ಹೇಳುವಂತಿರಲಿಲ್ಲ. ಆ ಮಾತನ್ನು ಸಿದ್ದಲಿಂಗವ್ವ ಸೊಸೆಯ ಕೈ ಹಿಡಿದು ಹೇಳಿದ್ದರು. "ಡಾಕ್ಟರ್ ಕೇಳ್ತಾನ, ಇದೇನವ್ವ ಅಂತ. ಏನ ಹೇಳ್ಲಿ? ನಮ್ಮ ಯಜಮಾನರ ಕುರ್ಚಿ ಮ್ಯಾಲ ಕಾಲ ಮಡಚಿ ಕುಂದರತೇನಿ ಅಂತ ಹೇಳ್ಲಿ? ನಿಮ್ಮ ಮಾವಾರು ಬಯ್ಯೂದಿಲ್ಲ, ಅದು ನನಗ ಗೊತ್ತೈತಿ. ನಗತಾರ. ಅಂಗಡ್ಯಾಗ ಹೇಳಿ ನಗತಾರ. ಶೈಲಾ, ನನ್ನ ಆಣಿ ಐತಿ ನಿನಗ."

ಶೈಲಜಾ ಆಣೆಯನ್ನು ಮೂರು ವಾರ ಕಾಯ್ದಳು. ದಿನಾಲೂ ಸಂಜೆ ನೀರು ಹಾಕುತ್ತ ನೋಡುತ್ತಿದ್ದಳು. ಏಳಕ್ಕೆ ಇದ್ದ ಗೆರೆ ಎಂಟಕ್ಕೂ ಇರತೊಡಗಿತು. ಬೆಳಿಗ್ಗೆ ಎದ್ದಾಗ ಅತ್ತೆಯ ಕಣ್ಣ ರೆಪ್ಪೆಗಳು ಬಾತಿರುತ್ತಿದ್ದವು. ಎರಡು ಕೊಡ ನೀರು ಸೇದಿದರೆ ಕಟ್ಟೆಗೆ ಕೈಯೂರಿ ನಿಲ್ಲುತ್ತಿದ್ದರು. ಆದರೆ ಮಧ್ಯಾಹ್ನ ಮಾತ್ರ ತಪ್ಪುತ್ತಿರಲಿಲ್ಲ. ಕೋಣೆಯೊಳಗೆ ಕಣ್ಣು ಬಿಟ್ಟುಕೊಂಡು ಮಲಗಿದ ಶೈಲಜಾಗೆ ತಂತಿಗಳು ಒಮ್ಮೆ ಕಿರ್ ಎಂದದ್ದು ಕೇಳುತ್ತಿತ್ತು. ಆಮೇಲೆ ಎರಡು ತಾಸು ಏನೂ ಇಲ್ಲ. ಅತ್ತೆಯ ಪಾಲಿಗೆ ಇರುವುದು ಅದೊಂದೇ. ಅದನ್ನು ತಾನು ಕಸಿದುಕೊಳ್ಳಬೇಕೆ? ಕಸಿದುಕೊಳ್ಳದಿದ್ದರೆ, ಕುಳಿತುಕೊಳ್ಳಲು ಅತ್ತೆಯಾದರೂ ಎಷ್ಟು ದಿನ ಇದ್ದಾರು?

ಒಂದು ಗುರುವಾರ ವೀರಪ್ಪನವರು ಆರೂವರೆಗೆ ಬಂದರು. ಅಂಗಿ ತೆಗೆದು, ಬನಿಯನ್ನಿನಲ್ಲೇ ತಂತಿ ಕುರ್ಚಿಯಲ್ಲಿ ಕುಳಿತು ಚಹಾ ಕುಡಿದರು. ಕಪ್ಪು ಕೆಳಗಿಟ್ಟು ಎದ್ದಾಗ ಶೈಲಜಾ ಎದುರಿಗೆ ನಿಂತಿದ್ದಳು.

"ಮಾವಾರ, ಒಂದ ಸಲ ಒಳಗ ಬರ್ರಿ."

ಸೊಸೆ ಹೀಗೆ ಕರೆದದ್ದು ಹಿಂದೆಂದೂ ಇಲ್ಲ. ಅವರು ಅಡಿಗೆಮನೆಗೆ ಬಂದರು. ಸಿದ್ದಲಿಂಗವ್ವ ನೆಲದ ಮೇಲೆ ಕಾಲು ಚಾಚಿ ಅಕ್ಕಿ ಹಸನು ಮಾಡುತ್ತಿದ್ದರು. ಗಂಡನನ್ನು ಕಂಡು ಸೆರಗು ಎಳೆದುಕೊಳ್ಳುವಷ್ಟರಲ್ಲಿ ಶೈಲಜಾ ಪಕ್ಕದಲ್ಲಿ ಕುಳಿತು ಅತ್ತೆಯ ಸೀರೆಯ ಅಂಚನ್ನು ಮೊಣಕಾಲ ತನಕ ಸರಿಸಿದಳು. ಸಿದ್ದಲಿಂಗವ್ವ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. "ಬ್ಯಾಡ ನನವ್ವ," ಎಂದರು. ಮೊರದಿಂದ ಅಕ್ಕಿ ಚೆಲ್ಲಿತು.

ವೀರಪ್ಪನವರು ಬಗ್ಗಿ ನೋಡಿದರು. "ಇದು ನನ್ನ ಕುರ್ಚಿ," ಎಂದರು.

"ಹೌದ್ರಿ. ಎದ್ದು ಮೂರ ತಾಸ ಆತ್ರಿ ಮಾವಾರ."

ಅವರಿಗೆ ಮೊದಲು ತಿಳಿಯಲಿಲ್ಲ. ಅತ್ತೆಯ ಕಾಲಿನ ಮೇಲೆ ಶೈಲಜಾ ಹೆಬ್ಬೆರಳು ಒತ್ತಿ ತೆಗೆದಳು. ಕುಳಿ ಬಿತ್ತು, ಬಿದ್ದದ್ದು ಹಾಗೇ ಉಳಿಯಿತು. ವೀರಪ್ಪನವರ ದೃಷ್ಟಿ ತಮ್ಮ ಮುಂಗೈಗೆ ಹೋಯಿತು. ಈಗಷ್ಟೇ ಕುರ್ಚಿಯ ಮೇಲಿಂದ ಎದ್ದು ತಂದ ಗೆರೆಗಳು ಅಲ್ಲಿದ್ದವು. ಕೈಯಿಂದ ಉಜ್ಜಿದರು. ನೋಡುನೋಡುತ್ತಲೇ ಅವು ಮಾಸಿದವು. ಆ ಕುರ್ಚಿಯ ಗುರುತು ಮೈಮೇಲೆ ಎಷ್ಟು ಹೊತ್ತು ಇರುತ್ತದೆಂದು ಆ ಮನೆಯಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಮತ್ತೆ ಹೆಂಡತಿಯ ಕಾಲು ನೋಡಿದರು.

"ಶ್ರೀಶೈಲಾ," ಎಂದು ಕೂಗಿದರು, "ಗಾಡಿ ಹೇಳೋ. ಬೆಳಗಾವಿಗೆ."

ಮೂತ್ರಪಿಂಡ ಕೆಟ್ಟಿದ್ದವು. ಇನ್ನೊಂದು ತಿಂಗಳು ತಡ ಮಾಡಿದ್ದರೆ ತಾವೇನೂ ಮಾಡಲಾಗುತ್ತಿರಲಿಲ್ಲ ಎಂದು ಬೆಳಗಾವಿಯ ಡಾಕ್ಟರು ಹೇಳಿದರು. ಹದಿನಾರು ದಿನ ಇಟ್ಟುಕೊಂಡು ಕಳಿಸಿದರು. ಉಪ್ಪಿಲ್ಲದ ಅಡಿಗೆ, ಅಳತೆಯ ನೀರು, ಗುಳಿಗೆ. ದಿನಾಲೂ ಸಂಜೆ ಕಾಲು ಒತ್ತಿ ಬಾವು ನೋಡುತ್ತಿರಬೇಕು ಎಂದು ಶೈಲಜಾಗೆ ತೋರಿಸಿಕೊಟ್ಟರು.

ಮನೆಗೆ ಬಂದ ದಿನ ವೀರಪ್ಪನವರು ತಂತಿ ಕುರ್ಚಿಯ ಮೇಲೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದರು. "ಇನ್ನ ಮ್ಯಾಲ ಇದು ನಿಂದ. ಕುಂದ್ರು," ಎಂದರು. ಅವರ ದನಿಯಲ್ಲಿ ಪ್ರೀತಿಯಿತ್ತು, ಅದರಲ್ಲಿ ಸುಳ್ಳಿರಲಿಲ್ಲ. ಸಿದ್ದಲಿಂಗವ್ವ ಕುಳಿತರು. ಕಾಲು ಕೆಳಗೆ ಜೋಡಿಸಿ, ಸೆರಗು ಹಣೆಯ ತನಕ ಎಳೆದುಕೊಂಡು. ಅಂಚಿನಲ್ಲಷ್ಟೇ ಕುಳಿತಿದ್ದರು.

ನೋಡಲು ಬಂದವರಿಗೆಲ್ಲ ವೀರಪ್ಪನವರು ಅದನ್ನೇ ಹೇಳಿದರು. "ಇಕಿ ಕದ್ದು ಕುಂದರತಿದ್ಲರಿ, ನನಗ ಸುದ್ದೀನ ಇಲ್ಲ! ಕುರ್ಚಿ ಚಾಡಿ ಹೇಳಿದ್ದಕ್ಕ ಜೀವ ಉಳೀತು." ಬಂದವರು ನಕ್ಕರು. ಅಡತಿ ಅಂಗಡಿಯಲ್ಲೂ ನಕ್ಕರು. ಶಂಕ್ರೆಪ್ಪನೆಂಬ ಹಳೆಯ ಗಿರಾಕಿ, "ನಮ್ಮಾಕಿಗೂ ಒಂದು ತರಿಸಿಕೊಡ್ರಿ ಸಾವಕಾರ," ಎಂದನಂತೆ. ಮನೆಯಲ್ಲಿ ಆ ಮಾತು ಬಂದಾಗಲೆಲ್ಲ ಸಿದ್ದಲಿಂಗವ್ವ ಅದು ಮುಗಿಯುವ ತನಕ ನೆಲ ನೋಡುತ್ತಿದ್ದು, ಆಮೇಲೆ ಎದ್ದು ಒಳಗೆ ಹೋಗುತ್ತಿದ್ದರು. ಮಧ್ಯಾಹ್ನ ಅಡಿಗೆಮನೆಯ ಮೂಲೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗತೊಡಗಿದರು. ಪಡಸಾಲೆಯ ಕಡೆ ಹಾಯಲಿಲ್ಲ. ಶೈಲಜಾ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿ ಕಾದಳು. ಒಂದು ದಿನವೂ ತಂತಿ ಕಿರ್ ಎನ್ನಲಿಲ್ಲ.

ದೀಪಾವಳಿ ಹತ್ತಿರ ಬಂದಿತ್ತು. ಒಂದು ಸಂಜೆ ಎಂದಿನಂತೆ ಅತ್ತೆ ಕಾಲು ಚಾಚಿದರು. ಮುಖ ಅತ್ತ ತಿರುಗಿಸಿಕೊಂಡೇ ಚಾಚುತ್ತಿದ್ದರು. ಶೈಲಜಾ ಹೆಬ್ಬೆರಳು ಒತ್ತಿದಳು. ಕುಳಿ ಬೇಗನೆ ತುಂಬಿಕೊಂಡಿತು.

"ಕಡಿಮಿ ಆಗೇತ್ರಿ ಅತ್ತಿ."

"ಹೂಂ."

"ಅಲ್ಲಿ ಕುಂತಾಗ ಏನ ವಿಚಾರ ಮಾಡತಿದ್ರಿ?" ಕೇಳಬಾರದಿತ್ತೇನೋ. ಬಾಯಿಂದ ಬಂದುಬಿಟ್ಟಿತ್ತು.

"ಏನೂ ಇಲ್ಲ." ಅತ್ತೆ ಮುಖ ಇತ್ತ ತಿರುಗಿಸದೆಯೇ ಅಂದರು, "ಏನೂ ಇರತಿದ್ದಿಲ್ಲ. ಅದ ಬೇಕಾಗಿತ್ತು ನನಗ."

"ನಾ ಹೇಳದಿದ್ರ ನೀವು ಇರತಿದ್ದಿಲ್ರಿ."

"ಹೌದು. ಇರತಿದ್ದಿಲ್ಲ." ಸಿದ್ದಲಿಂಗವ್ವ ಸೀರೆ ಸರಿ ಮಾಡಿಕೊಂಡರು. "ಕಡಿಮಿ ಆಗೇತಿ ಅಂತ ಹೋಗಿ ನಿಮ್ಮ ಮಾವಾರಿಗೆ ಹೇಳು. ಹೇಳೂದು ನಿನಗ ರೂಢಿ ಐತಿ."

ಶೈಲಜಾ ಎದ್ದು ಹೊರಗೆ ಬಂದಳು. ಪಡಸಾಲೆಯಲ್ಲಿ ವೀರಪ್ಪನವರು ಪೇಪರು ಕೆಳಗಿಳಿಸಿ ಎಂದಿನ ಪ್ರಶ್ನೆ ಕೇಳಿದರು, "ಹೆಂಗೈತಿ ಇವತ್ತ ಬಾವು?"

ದಿನಾಲೂ ಅವರು ಕೇಳುತ್ತಿದ್ದದ್ದು ತನ್ನನ್ನೇ ಎಂಬುದು ಅವಳಿಗೆ ಆಗ ಹೊಳೆಯಿತು. ಹೆಂಡತಿಯನ್ನು ಅವರು ಒಂದು ಸಲವೂ ಕೇಳಿರಲಿಲ್ಲ. ತಾನೂ ದಿನಾಲೂ ಹೇಳುತ್ತ ಬಂದಿದ್ದಳು.

"ಅತ್ತಿಯವರನ್ನ ಕೇಳ್ರಿ ಮಾವಾರ."

"ಆಂ?"

"ಕಾಲು ಅವರದರಿ. ಅವರನ್ನ ಕೇಳ್ರಿ."

ವೀರಪ್ಪನವರು ಸೊಸೆಯ ಮುಖ ನೋಡಿದರು. ಸಿಟ್ಟಾಗುತ್ತಾರೇನೋ ಎಂದು ಅವಳು ಕಂಬ ಹಿಡಿದುಕೊಂಡಳು. ಅವರು ಪೇಪರು ಮಡಚಿಟ್ಟು ಎದ್ದು, ಅಡಿಗೆಮನೆಯ ಹೊಸ್ತಿಲ ತನಕ ಹೋಗಿ ನಿಂತರು. ಹೆಂಡತಿಯನ್ನು ಏನೆಂದು ಕೂಗಿ ಮಾತು ಶುರು ಮಾಡಬೇಕೆಂದು ತಿಳಿಯದವರಂತೆ ಒಮ್ಮೆ ಕೆಮ್ಮಿದರು.

"ಹೆಂಗ ಅನಸತೈತಿ?" ಎಂದರು.

ಒಳಗೆ ಪಾತ್ರೆಗಳ ಸಪ್ಪಳ ನಡೆದೇ ಇತ್ತು. ವೀರಪ್ಪನವರು ಮರಳಿ ಬರಲಿಲ್ಲ. ಹೊಸ್ತಿಲಲ್ಲೇ ನಿಂತು, ಮತ್ತೆ ಅದನ್ನೇ, ಮೊದಲಿಗಿಂತ ಮೆಲ್ಲಗೆ ಕೇಳಿದರು.